ಐದನೆಯ ಹೊಡೆತ

ಅಫ್ಶಾನ್ ತೀರಿಕೊಂಡ ಹನ್ನೆರಡನೆಯ ದಿನ ನಯನಾ ಮತ್ತೆ ಸ್ಟೋರಿಗೆ ಹೋದಳು. ಹೋಗಬೇಕೆಂದು ತೀರ್ಮಾನಿಸಿ ಹೋದದ್ದಲ್ಲ. ಒಂಬತ್ತು ವರ್ಷ ಬೆಳಗಿನ ಆರೂವರೆಗೆ ಆ ಗುಡ್ಡ ಹತ್ತಿದ ಮೈ ಮನೆಯಲ್ಲಿ ಸುಮ್ಮನೆ ಕೂರಲು ಒಪ್ಪಲಿಲ್ಲ, ಅಷ್ಟೆ.

ಆನೇಮಹಲ್‌ನಲ್ಲಿ ಹೆದ್ದಾರಿ ದಾಟಿ, ಸಿಲ್ವರ್ ಓಕ್ ಸಾಲಿನ ನಡುವಿನ ಮಣ್ಣುದಾರಿಯಲ್ಲಿ ಇಪ್ಪತ್ತು ನಿಮಿಷ ಏರಿದರೆ ಆ ಹಳೆಯ ಕಾಫಿ ಸ್ಟೋರು ಸಿಗುತ್ತದೆ. ಉದ್ದನೆಯ ಹೆಂಚಿನ ಕಟ್ಟಡ, ಮುಂದೆ ಕಾಫಿ ಒಣಗಿಸುವ ಸಿಮೆಂಟ್ ಕಣ. ಎಸ್ಟೇಟು ಅಣ್ಣತಮ್ಮಂದಿರ ನಡುವೆ ಪಾಲಾದಾಗ ಸ್ಟೋರು ಯಾರ ಪಾಲಿಗೂ ಸರಿಯಾಗಿ ಬೀಳದೆ ಉಳಿದುಬಿಟ್ಟಿತ್ತು. ಅಲ್ಲಿಗೆ ಹಣ್ಣು ಬರುವುದು ನಿಂತು ಹತ್ತು ವರ್ಷದ ಮೇಲಾಗಿತ್ತು. ವಾಚ್‌ಮನ್ ಕೆಂಚಯ್ಯನಿಗೆ ಮಾತ್ರ ಕೆಲಸ ಬಿಡು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಅವನು ಇನ್ನೂ ಅಲ್ಲೇ ಇದ್ದ. ಕಟ್ಟಡದ ಹಿಂದಿನ ಕೋಣೆಯಲ್ಲಿ ಒಲೆ ಹಚ್ಚಿಕೊಂಡು, ಕಂಬಳಿ ಹೊದ್ದು, ಕಾಯಲು ಏನೂ ಇಲ್ಲದ್ದನ್ನು ಕಾಯುತ್ತಿದ್ದ.

ಆ ಕಣದಲ್ಲೇ ನಜೀರ್ ಮಾಸ್ಟರ್ ಪಾಠ ಹೇಳಿಕೊಡುತ್ತಿದ್ದದ್ದು. ಮಾಸ್ಟರ್ ಹರೆಯದಲ್ಲಿ ಚಿಕ್ಕಪ್ಪನ ಚರ್ಮದ ವ್ಯಾಪಾರಕ್ಕೆಂದು ಕಲ್ಕತ್ತಕ್ಕೆ ಹೋಗಿ, ಅಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಚೀನೀ ಮುದುಕನಿಂದ ಕುಂಗ್‌ಫು ಕಲಿತು ಬಂದವರು. ಈಗ ಅವರ ಮಂಡಿ ಸೋತಿತ್ತು. ವಾರಕ್ಕೊಮ್ಮೆ ಆಟೋದಲ್ಲಿ ಬಂದು, ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು. ಉಳಿದ ದಿನ ನಯನಾ ಮತ್ತು ಅಫ್ಶಾನ್ ಇಬ್ಬರೇ. ನಯನಾ ಆಲೂರು ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರು. ಅಫ್ಶಾನ್‌ಗೆ ಬಾಳ್ಳುಪೇಟೆಯಲ್ಲಿ ಟೈಲರಿಂಗ್ ಅಂಗಡಿ. ಬೆಳಗ್ಗೆ ಸ್ಕೂಟರಿನಲ್ಲಿ ಬಂದು, ಅಂಗಡಿ ತೆಗೆಯುವ ಹೊತ್ತಿಗೆ ವಾಪಸ್ಸು ಹೋಗುತ್ತಿದ್ದಳು.

ಅವರು ಮಾಡುತ್ತಿದ್ದದ್ದು ಮುಖ್ಯವಾಗಿ ಒಂದೇ ಅಭ್ಯಾಸ. ಒಬ್ಬಳು ಐದು ಹೊಡೆತ ಕೊಡಬೇಕು: ಎದೆಗೆ ಎರಡು, ಪಕ್ಕದಿಂದ ಬಳಸಿ ಒಂದು, ಹೊಟ್ಟೆಗೆ ಒಂದು, ಕೊನೆಯದು ಗಂಟಲಿಗೆ. ಇನ್ನೊಬ್ಬಳು ಪ್ರತಿಯೊಂದನ್ನೂ ಒಂದು ಕೈಯಲ್ಲಿ ತಡೆದು, ಅದೇ ಗಳಿಗೆಯಲ್ಲಿ ಇನ್ನೊಂದು ಕೈಯಿಂದ ತಿರುಗಿ ಹೊಡೆಯಬೇಕು. ತಡೆದು ಆಮೇಲೆ ಹೊಡೆಯುವುದಲ್ಲ, ತಡೆಯುವುದೂ ಹೊಡೆಯುವುದೂ ಒಂದೇ ಉಸಿರಿನಲ್ಲಿ. ಎದುರಿನವಳ ಕೈ ಬಂದು ಮುಟ್ಟುವವರೆಗೆ ಕಾಯಬಾರದು, ಅದು ಹೊರಡುವ ಜಾಗದಲ್ಲೇ ಅದನ್ನು ಹಿಡಿಯಬೇಕು ಎಂದು ಮಾಸ್ಟರ್ ಹೇಳುತ್ತಿದ್ದರು. ತಿರುಗಿ ಹೊಡೆದ ಮುಷ್ಟಿ ಚರ್ಮದಿಂದ ಒಂದು ಬೆರಳು ಈಚೆಗೇ ನಿಲ್ಲಬೇಕು. ಹತ್ತು ಸುತ್ತು ಆದ ಮೇಲೆ ಪಾಳಿ ಬದಲು. ಹೊಡೆದವಳು ತಡೆಯಬೇಕು, ತಡೆದವಳು ಹೊಡೆಯಬೇಕು.

ಹನ್ನೆರಡನೆಯ ದಿನ ಕಣದ ತುಂಬ ಮಂಜು ಕೂತಿತ್ತು. ಬೆಳಕಾಗಿತ್ತು, ಆದರೆ ಎರಡು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ. ನಯನಾ ಮಾಮೂಲಿ ಜಾಗದಲ್ಲಿ ನಿಂತು, ಎದುರಿಗೆ ಯಾರೋ ಇದ್ದಾರೆಂದು ಅಂದುಕೊಂಡು ತಡೆಯುವ ಪಾಳಿ ಶುರು ಮಾಡಿದಳು. ಮೊದಲನೆಯ ಸುತ್ತು, ಎರಡನೆಯದು. ಮೂರನೆಯ ಸುತ್ತಿನಲ್ಲಿ, ಬಳಸಿ ಬರುವ ಹೊಡೆತವನ್ನು ತಡೆಯಲು ಎಡಗೈ ಎತ್ತಿದಾಗ, ಕೈಗೆ ಕೈ ತಗುಲಿತು.

ಗಾಳಿ ತಗುಲಿದ ಹಾಗಲ್ಲ. ಮೂಳೆ, ಅದರ ಮೇಲೆ ಮಾಂಸ, ಮಾಂಸದ ಮೇಲೆ ತಣ್ಣಗಿನ ಚರ್ಮ. ನಯನಾಳ ಬಲಗೈ ತನ್ನಷ್ಟಕ್ಕೇ ಮುಂದೆ ಹೋಗಿ, ಒಂದು ಬೆರಳು ಈಚೆಗೆ ನಿಂತಿತು. ಅವಳು ನೋಡಿದಳು. ಎದುರಿಗೆ ಮಂಜು ಮಾತ್ರ ಇತ್ತು.

ಓಡಿಹೋಗಬೇಕೆಂದು ಅವಳಿಗೆ ಅನಿಸಲಿಲ್ಲ. ಅದನ್ನು ನೆನೆದೇ ಅವಳಿಗೆ ಆಮೇಲೆ ಹೆಚ್ಚು ಭಯವಾದದ್ದು. ಆ ಹೊತ್ತಿನಲ್ಲಿ ಅವಳ ಕೈಗೆ ಸಮಾಧಾನವಾಗಿತ್ತು, ಹಸಿದವರಿಗೆ ಅನ್ನ ಸಿಕ್ಕ ಹಾಗೆ. ಅವಳು ನಾಲ್ಕನೆಯದಕ್ಕೆ ಕೈ ಇಳಿಸಿದಳು. ನಾಲ್ಕನೆಯದು ಬಂತು. ಬರುವ ಮೊದಲು ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡ ಸಣ್ಣ ಸದ್ದೂ ಬಂತು. ಹೊಟ್ಟೆಗೆ ಹೊಡೆಯುವ ಮುಂಚೆ ಅಫ್ಶಾನ್ ಯಾವಾಗಲೂ ಹಾಗೆ ಉಸಿರೆಳೆಯುತ್ತಿದ್ದಳು; ಅದರಿಂದಲೇ ಹೊಡೆತ ಗೊತ್ತಾಗಿಬಿಡುತ್ತದೆ ಎಂದು ಮಾಸ್ಟರ್ ಎಷ್ಟು ಬೈದರೂ ಆ ಚಾಳಿ ಹೋಗಿರಲಿಲ್ಲ.

ಮನೆಗೆ ಬಂದು ಸ್ವೆಟರಿನ ತೋಳು ಮಡಚಿ ನೋಡಿದರೆ ಎಡ ಮುಂಗೈಯ ಉದ್ದಕ್ಕೂ ನೀಲಿ ಕಟ್ಟಿತ್ತು.

ಅವಳು ಮಾರನೆಯ ದಿನವೂ ಹೋದಳು. ಅದರ ಮಾರನೆಯ ದಿನವೂ. ಎಲ್ಲ ದಿನ ಹಾಗಾಗುತ್ತಿರಲಿಲ್ಲ. ಬಿಸಿಲು ಬೇಗ ಬಂದ ದಿನ ಬರೀ ಗಾಳಿಗೆ ಕೈ ಬೀಸಿ ಬರುತ್ತಿದ್ದಳು. ಮಂಜು ಕವಿದ ದಿನ ಮಾತ್ರ ಕೈಗೆ ಕೈ ಸಿಗುತ್ತಿತ್ತು. ಗಂಡ ನಟರಾಜ್ ಹೆಗ್ಗದ್ದೆ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವನು, ಕಾಫಿ ಕೊಯ್ಲಿನ ಕಾಲವಾದ್ದರಿಂದ ವಾರಕ್ಕೊಮ್ಮೆ ಮಾತ್ರ ಮನೆಗೆ ಬರುತ್ತಿದ್ದ. ಅವನು ಅವಳ ತೋಳು ನೋಡಿ, ಈಗ ಯಾರ ಜೊತೆ ಪ್ರಾಕ್ಟೀಸ್ ಮಾಡುತ್ತೀಯ ಎಂದು ಕೇಳಿದ. ಯಾರೂ ಇಲ್ಲ ಎಂದಳು. ಅದು ಸುಳ್ಳೋ ನಿಜವೋ ಅವಳಿಗೇ ತಿಳಿಯಲಿಲ್ಲ.

ಜನವರಿಯ ಮೊದಲ ವಾರ ಶಾಲೆಯ ಕ್ರೀಡಾಕೂಟವಿದ್ದದ್ದರಿಂದ ಅವಳಿಗೆ ಎರಡು ದಿನ ಸ್ಟೋರಿಗೆ ಹೋಗಲಾಗಲಿಲ್ಲ. ಮೂರನೆಯ ದಿನ ಹೋದಾಗ ಕೆಂಚಯ್ಯ ಕಣದ ಅಂಚಿನಲ್ಲಿ ನಿಂತಿದ್ದ. ಅವನು ಸಾಮಾನ್ಯವಾಗಿ ಮಾತಾಡುವವನಲ್ಲ.

"ಟೀಚರಮ್ಮ, ನೆನ್ನೆ ಮೊನ್ನೆ ನೀವು ಬಂದಿರ್ಲಿಲ್ಲ ಅಲ್ವಾ?" ಎಂದ.

ಇಲ್ಲ ಎಂದಳು.

"ಸದ್ದು ಬಂತು ಕಣವ್ವ. ಇಬ್ಬರ್ದಲ್ಲ. ನೀವಿಬ್ರೂ ಮಾಡೋವಾಗ ಟಪ್ ಟಪ್ ಅಂತ ಜೋಡೀಲಿ ಬರ್ತದಲ್ಲ, ಅದ್ರಲ್ಲಿ ಒಂದು ಬುಟ್ಟು ಒಂದು. ಅರ್ಧ. ಹೊರಗ್ ಬಂದು ನೋಡಿದ್ರೆ ಯಾರೂ ಇಲ್ಲ, ಕಣದಲ್ಲಿ ಇಬ್ಬನಿ ಮೇಲೆ ಕಾಲು ಉಜ್ಜಿದ ಗುರುತು ಮಾತ್ರ ಐತೆ." ಕಂಬಳಿ ಎಳೆದುಕೊಂಡು ಕೇಳಿದ: "ಆ ಸಾಬರ ಹುಡುಗಿ ನಿಮ್ಗೆ ಏನಾದ್ರೂ ಹೇಳೋದಿತ್ತಾ?"

ಹೇಳಬೇಕಾದದ್ದು ಇದ್ದದ್ದು ಅಫ್ಶಾನ್‌ಗಲ್ಲ, ತನಗೆ ಎಂದು ನಯನಾಳಿಗೆ ಗೊತ್ತಿತ್ತು.

ಅಫ್ಶಾನ್ ಸಾಯುವ ನಾಲ್ಕು ದಿನ ಮುಂಚೆ, ನವೆಂಬರಿನ ಕೊನೆಯ ಭಾನುವಾರ ನಜೀರ್ ಮಾಸ್ಟರ್ ಇಬ್ಬರನ್ನೂ ಕೂರಿಸಿಕೊಂಡು, ಹೊಸ ವರ್ಷದಿಂದ ಸಕಲೇಶಪುರದಲ್ಲಿ ಹೆಣ್ಣುಮಕ್ಕಳಿಗೆ ಒಂದು ತರಗತಿ ಶುರು ಮಾಡುವುದಾಗಿಯೂ, ಅದನ್ನು ಅಫ್ಶಾನ್ ನಡೆಸಬೇಕೆಂದೂ ಹೇಳಿದ್ದರು. ನಯನಾ ಅಫ್ಶಾನ್‌ಗಿಂತ ಒಂದು ವರ್ಷ ಮೊದಲು ಸೇರಿದವಳು. ಮಕ್ಕಳಿಗೆ ಕಲಿಸುವುದೇ ಅವಳ ವೃತ್ತಿ. ಆ ಜಾಗ ತನ್ನದೆಂದು ಯಾರೂ ಹೇಳದೆಯೇ ಅವಳು ನಂಬಿಕೊಂಡಿದ್ದಳು. ತುಂಬ ಒಳ್ಳೆಯದಾಯಿತು ಎಂದು ಅಫ್ಶಾನ್‌ಳನ್ನು ತಬ್ಬಿಕೊಂಡಳು. ಎರಡು ದಿನ ಊಟ ಸೇರಲಿಲ್ಲ.

ಮಂಗಳವಾರ ಬೆಳಗ್ಗೆ ನಯನಾಳದು ಮೊದಲು ತಡೆಯುವ ಪಾಳಿ. ಹತ್ತನೆಯ ಸುತ್ತಿನ ಐದನೆಯ ಹೊಡೆತ. ಅಫ್ಶಾನ್‌ಳ ಮುಷ್ಟಿ ಗಂಟಲಿಗೆ ಬಂತು. ನಯನಾ ಅದನ್ನು ಎಡಗೈಯಿಂದ ಪಕ್ಕಕ್ಕೆ ತಳ್ಳಿ, ಬಲ ಮುಷ್ಟಿಯನ್ನು ಅವಳ ಎಡಕಿವಿಯ ಕೆಳಕ್ಕೆ ಹಾಕಿದಳು. ಅದು ಒಂದು ಬೆರಳು ಈಚೆಗೆ ನಿಲ್ಲಲಿಲ್ಲ. ಒಂಬತ್ತು ವರ್ಷದಲ್ಲಿ ಸಾವಿರಾರು ಸಲ ನಿಂತ ಕೈ ಅದು. ನಿಲ್ಲಿಸಲು ಆಗಲಿಲ್ಲವೋ, ನಿಲ್ಲಿಸಲಿಲ್ಲವೋ? ಅಂದಿನಿಂದ ನಯನಾ ಪ್ರತಿದಿನ ಈ ಪ್ರಶ್ನೆಯ ಹತ್ತಿರ ಹೋಗಿ, ಉತ್ತರ ಕಾಣುವಷ್ಟರಲ್ಲಿ ವಾಪಸ್ಸು ಬರುತ್ತಿದ್ದಳು.

ಅಫ್ಶಾನ್ ಎರಡು ಹೆಜ್ಜೆ ಹಿಂದೆ ಸರಿದು ಕಣದ ಮೇಲೆ ಕೂತಳು. ನೀರು ಕುಡಿದಳು. ಏನಾಗಲ್ಲ ಬಿಡೇ, ನಂಗೇ ನಿಧಾನ ಆಯ್ತು ಎಂದು ನಕ್ಕಳು. ಕಿವಿಯಲ್ಲಿ ಗುಂಯ್ ಅನ್ನುತ್ತಿದೆ ಎಂದಳು. ತನ್ನ ತಡೆಯುವ ಪಾಳಿ ನಾಳೆಗೆ ಇಟ್ಟುಕೊಳ್ಳೋಣ ಎಂದು ಹೇಳಿ ಸ್ಕೂಟರ್ ಹತ್ತಿದಳು. ಬುಧವಾರ ಬರಲಿಲ್ಲ, ತಲೆನೋವೆಂದು ಮೆಸೇಜ್ ಹಾಕಿದ್ದಳು. ಗುರುವಾರ ಬೆಳಗ್ಗೆ ಹತ್ತು ಗಂಟೆಗೆ, ಸಕಲೇಶಪುರದಿಂದ ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದವಳು, ಬಾಳ್ಳುಪೇಟೆಗೆ ಎರಡು ಕಿಲೋಮೀಟರ್ ಇರುವಾಗ ನೇರವಾದ ರಸ್ತೆಯಲ್ಲಿ ಸ್ಕೂಟರ್ ಸಮೇತ ಚರಂಡಿಗೆ ಬಿದ್ದಳು. ಆಸ್ಪತ್ರೆ ಸೇರುವಷ್ಟರಲ್ಲಿ ಉಸಿರು ನಿಂತಿತ್ತು. ನಾಯಿ ಅಡ್ಡ ಬಂದಿರಬೇಕು ಅಂದರು ಕೆಲವರು. ನಾಯಿಯನ್ನು ಕಂಡವರು ಯಾರೂ ಇರಲಿಲ್ಲ.

ಕಿವಿಯ ಕೆಳಗಿನ ಆ ಹೊಡೆತದ ಮಾತನ್ನು ನಯನಾ ಯಾರಿಗೂ ಹೇಳಲಿಲ್ಲ.

ಕೆಂಚಯ್ಯ ಕೇಳಿದ ಮೇಲೆ ಅವಳು ಸ್ಟೋರಿಗೆ ಹೋಗುವುದನ್ನು ನಿಲ್ಲಿಸಿದಳು. ನಿಲ್ಲಿಸಿದರೆ ಎಲ್ಲ ನಿಲ್ಲುತ್ತದೆಂದು ಅಂದುಕೊಂಡಿದ್ದಳು. ಆದರೆ ಕೈ ಅವಳ ಮಾತು ಕೇಳುವುದನ್ನು ಬಿಟ್ಟಿತು. ಬಸ್ಸಿನಲ್ಲಿ ಪಕ್ಕದವರು ಟಿಕೆಟ್ಟಿಗೆ ಕೈ ಚಾಚಿದರೆ ಅವಳ ಎಡಗೈ ಮೊದಲೇ ಎದ್ದಿರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಮೇಜಿನ ಮೇಲಿಂದ ಲೋಟ ಜಾರುವ ಮುಂಚೆಯೇ ಅವಳು ಅದನ್ನು ಹಿಡಿದಿದ್ದಳು. ಜೊತೆಯವರು ಮೆಚ್ಚಿಕೊಂಡರು. ಲೋಟ ಇನ್ನೂ ಜಾರಿರಲೇ ಇಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿದ್ದದ್ದು.

ಒಂದು ಶನಿವಾರ ಮಧ್ಯಾಹ್ನ ಅವಳು ಹಿತ್ತಿಲ ಜಗಲಿಯಲ್ಲಿ ಕೂತು ಒಣಗಿದ ಮೆಣಸು ಕೇರುತ್ತಿದ್ದಳು. ಅತ್ತೆ ಗುರುಶಾಂತಮ್ಮ ಒಳಗಿನಿಂದ ಬಂದವರು ಸೊಸೆಯ ಕೂದಲಿಗೆ ಸಿಕ್ಕಿಕೊಂಡಿದ್ದ ತರಗೆಲೆ ತೆಗೆಯಲೆಂದು ಹಿಂದಿನಿಂದ ಕೈ ಚಾಚಿದರು. ಹಲ್ಲಿನ ಸಂದಿಯಿಂದ ಉಸಿರೆಳೆದ ಸದ್ದು ನಯನಾಳ ಕಿವಿಗೆ ಬಿತ್ತು. ಮರುಗಳಿಗೆಯಲ್ಲಿ ಅವಳು ಗರಕ್ಕನೆ ತಿರುಗಿದ್ದಳು; ಎಡಗೈ ಮುದುಕಿಯ ಮಣಿಕಟ್ಟು ಹಿಡಿದಿತ್ತು, ಬಲ ಮುಷ್ಟಿ ಭುಜದ ಕೆಳಗಿನ ಎಲುಬಿಗೆ ಬಡಿದಿತ್ತು. ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು.

ಮೊರ ಮಗುಚಿ ಮೆಣಸು ಜಗಲಿಯ ತುಂಬ ಚೆಲ್ಲಿತು. ಗುರುಶಾಂತಮ್ಮ ಕೂಗಲಿಲ್ಲ. ಕಂಬಕ್ಕೆ ಒರಗಿ ಮೆಲ್ಲಗೆ ಕೂತು ಸೊಸೆಯ ಮುಖವನ್ನೇ ನೋಡಿದರು. ಸಕಲೇಶಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದೆ ಎಂದರು. ಮಗನಿಗೆ ಫೋನಿನಲ್ಲಿಯೂ ಅದನ್ನೇ ಹೇಳಿದರು.

ಸಂಜೆ ಪಟ್ಟಿ ಕಟ್ಟಿಸಿಕೊಂಡು ಬಂದು ಮಂಚದ ಮೇಲೆ ಕೂತ ಮೇಲೆ ಸೊಸೆಯನ್ನು ಹತ್ತಿರ ಕರೆದರು.

"ನೀನು ನನ್ನ ಹೊಡೀಲಿಲ್ಲ ಕಣವ್ವ. ನಿನ್ನ ಕಣ್ಣು ನನ್ನ ಮೇಲಿತ್ತು, ಆದ್ರೆ ನನ್ನ ನೋಡ್ತಾ ಇರ್ಲಿಲ್ಲ. ಯಾರ್ನ ನೋಡ್ತಿದ್ದೆ, ಹೇಳು."

ನಯನಾ ಅವರ ಕಾಲ ಹತ್ತಿರ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಮಾಸ್ಟರ್ ಮಾತು, ಊಟ ಸೇರದ ಎರಡು ದಿನ, ಮಂಗಳವಾರದ ಬೆಳಗು, ಮಂಜಿನಲ್ಲಿ ಸಿಗುವ ಕೈ. ಹೇಳುತ್ತ ಹೋದ ಹಾಗೆ, ಇಷ್ಟು ದಿನ ತಪ್ಪಿಸಿಕೊಂಡಿದ್ದ ಉತ್ತರ ಅವಳ ಬಾಯಿಂದಲೇ ಬಂತು: ನಿಲ್ಲಿಸಬಹುದಾಗಿತ್ತು ಅತ್ತೆ, ನಾನು ನಿಲ್ಲಿಸಲಿಲ್ಲ.

ಗುರುಶಾಂತಮ್ಮ ದೆವ್ವವೆಂದಾಗಲಿ ಭ್ರಮೆಯೆಂದಾಗಲಿ ಹೇಳಲಿಲ್ಲ. ಆಮೇಲೆ, "ಆ ಮಗಿನ ತಾಯಿಗೆ ಗೊತ್ತೈತಾ?" ಎಂದರು.

ಇಲ್ಲ ಎಂದಳು.

"ಮತ್ತೆ ನನ್ಗ್ಯಾಕೆ ಹೇಳ್ತೀಯ. ಅಲ್ಲಿಗೋಗಿ ಹೇಳು."

ಬಾಳ್ಳುಪೇಟೆಯ ಮನೆಯಲ್ಲಿ ಅಫ್ಶಾನ್‌ಳ ತಾಯಿ ಆಮಿನಾ ಒಬ್ಬರೇ ಇದ್ದರು. ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು ಎರಡು ದಿನವಾಗಿತ್ತು. ಒಳಗಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಹೊರಗೆ ಹೆದ್ದಾರಿಯ ಲಾರಿಗಳು ಹೋದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಆಮಿನಾ ಟೀ ತಂದಿಟ್ಟರು. ನಯನಾ ಅದನ್ನು ಮುಟ್ಟದೆ, ತಲೆ ತಗ್ಗಿಸಿಕೊಂಡು ಹೇಳಬೇಕಾದ್ದನ್ನು ಹೇಳಿದಳು. ಅಭ್ಯಾಸದಲ್ಲಿ ಆಕಸ್ಮಿಕವಾಗಿ ಎಂದು ಹೇಳಲು ನಾಲಗೆ ಎರಡು ಸಲ ಸಿದ್ಧವಾಯಿತು. ಹೇಳಲಿಲ್ಲ. ಹೊಟ್ಟೆಕಿಚ್ಚಿನಿಂದ ಹೊಡೆದೆ ಎಂದಳು.

ಆಮಿನಾ ಕೇಳಿದ್ದು ಒಂದೇ ಮಾತು. "ಯಾವ ಕಡೆ?"

ನಯನಾ ತನ್ನ ಎಡಕಿವಿಯ ಕೆಳಗೆ ಬೆರಳಿಟ್ಟು ತೋರಿಸಿದಳು.

ಆಮಿನಾ ಆ ಜಾಗವನ್ನೇ ನೋಡುತ್ತ ಕೂತರು. ಎರಡು ಲಾರಿ ಹೋದವು. "ಕೊನೇ ಸ್ನಾನ ಮಾಡ್ಸುವಾಗ ನಾನೇ ನೀರು ಹಾಕಿದ್ದು," ಎಂದರು. "ಅವಳು ಬಿದ್ದಿದ್ದು ಬಲಗಡೆ. ಗಾಯ ಎಲ್ಲಾ ಬಲಗಡೆ. ಎಡಗಡೆ ಕಿವಿ ಕೆಳಗೆ ಒಂದು ನೀಲಿ ಕಲೆ ಇತ್ತು. ಇದೆಲ್ಲಿಂದ ಬಂತು ಅಂತ ನಲವತ್ತು ದಿನ ಕೇಳ್ಕೊಂಡೆ. ಯಾರೋ ಹೊಡೆದು ತಳ್ಳಿದ್ರಾ, ಯಾರ ಜೊತೆ ಏನಿತ್ತು ಅವಳಿಗೆ ಅಂತ, ನನ್ನ ಮಗಳ ಮೇಲೇ ಏನೇನೋ ಯೋಚನೆ ಮಾಡ್ಬಿಟ್ಟೆ."

ಅದರಿಂದಲೇ ಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ ಆಂಟಿ, ಎಂದಳು ನಯನಾ. ನನಗೂ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದರು ಆಮಿನಾ. ಆಮೇಲೆ ಎದ್ದು ಬಾಗಿಲು ತೆರೆದು ಹಿಡಿದರು.

"ಬಂದು ಹೇಳಿದೆಯಲ್ಲ, ಅದು ಬೇಕಿತ್ತು ನಂಗೆ. ಮತ್ತೆ ಬಾ ಅಂತ ಇವತ್ತು ಹೇಳಕ್ಕೆ ಆಗಲ್ಲ."

ಮಾರನೆಯ ಬೆಳಗ್ಗೆ ನಯನಾ ಸ್ಟೋರಿಗೆ ಹೋದಳು. ಅಷ್ಟು ದಟ್ಟವಾದ ಮಂಜನ್ನು ಆ ವರ್ಷ ಅವಳು ನೋಡಿರಲಿಲ್ಲ. ಕಣದ ಮೇಲೆ ನಡೆದರೆ ತನ್ನ ಪಾದ ತನಗೇ ಕಾಣುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕೆಂಚಯ್ಯ ಕೆಮ್ಮಿದ ಸದ್ದು ಬಹಳ ದೂರದಿಂದ ಬಂದಂತೆ ಕೇಳಿತು.

ಇಷ್ಟು ದಿನವೂ ಅವಳು ತಡೆಯುವ ಪಾಳಿಯಲ್ಲೇ ನಿಂತಿದ್ದಳು. ಎದುರಿಗಿದ್ದವಳಿಂದ ಹೊಡೆಸಿಕೊಂಡು, ತಾನೇ ತಡೆದು, ತಾನೇ ತಿರುಗಿ ಹೊಡೆಯುತ್ತಿದ್ದಳು. ಅಫ್ಶಾನ್‌ಳ ಪಾಳಿ ಬಾಕಿ ಉಳಿದಿದೆ ಎಂಬುದು ಅವಳಿಗೆ ಬಾಳ್ಳುಪೇಟೆಯಿಂದ ವಾಪಸ್ಸು ಬರುವ ಬಸ್ಸಿನಲ್ಲಿ ಹೊಳೆದಿತ್ತು. ಅವಳು ಎದುರು ಬದಿಗೆ ಹೋಗಿ, ಅಫ್ಶಾನ್ ನಿಲ್ಲುತ್ತಿದ್ದ ಜಾಗದಲ್ಲಿ ತಾನು ನಿಂತಳು. "ನಿನ್ನ ಪಾಳಿ ಕಣೇ," ಎಂದಳು.

ಮೊದಲ ಹೊಡೆತ ಕೊಟ್ಟಳು. ಅದು ಹೊರಟ ಜಾಗದಲ್ಲೇ ಏನೋ ಅದನ್ನು ಹಿಡಿಯಿತು, ಎದೆಯ ಮುಂದೆ ತಣ್ಣನೆಯ ಗಾಳಿ ಬಂದು ನಿಂತಿತು. ಎರಡನೆಯದು. ಮೂರನೆಯದು, ಪಕ್ಕದಿಂದ ಬಳಸಿ; ಮೊಣಕೈಯ ಹತ್ತಿರ ಪೆಟ್ಟು ಬಿದ್ದು ತೋಳು ಜೋಮು ಹಿಡಿಯಿತು. ಅಫ್ಶಾನ್ ಬದುಕಿದ್ದಾಗ ಇಷ್ಟು ಚುರುಕಾಗಿ ತಡೆದದ್ದಿಲ್ಲ. ನಾಲ್ಕನೆಯದು ಹೊಟ್ಟೆಗೆ. ಅದೂ ಸಿಕ್ಕಿಬಿತ್ತು. ಐದನೆಯದನ್ನು ಕೊಡದೆ ಇಲ್ಲಿಂದಲೇ ತಿರುಗಿ ಓಡಬಹುದು ಎಂದು ನಯನಾಳ ಮನಸ್ಸು ಹೇಳಿತು. ಅವಳು ಬಲ ಮುಷ್ಟಿಯನ್ನು ಎದುರಿನ ಮಂಜಿನ ಗಂಟಲಿಗೆ ಚಾಚಿದಳು.

ಮುಷ್ಟಿ ಪಕ್ಕಕ್ಕೆ ಹೋಯಿತು. ಅವಳ ಎಡಕಿವಿಯ ಕಡೆಗೆ ಏನೋ ಬಂತು. ಕೂದಲು ಹಾರಿದ್ದು ಗೊತ್ತಾಯಿತು. ಅವಳು ಕಣ್ಣು ಮುಚ್ಚಲಿಲ್ಲ, ತಲೆ ಹೊರಳಿಸಲಿಲ್ಲ, ಎಡಗೈಯನ್ನು ಸೊಂಟದ ಪಕ್ಕದಲ್ಲೇ ಬಿಗಿಹಿಡಿದಳು.

ಅದು ನಿಂತಿತು. ಚರ್ಮದಿಂದ ಒಂದು ಬೆರಳು ಈಚೆಗೆ. ಐಸು ಇಟ್ಟ ಹಾಗೆ ಆ ಜಾಗವಷ್ಟೇ ಕೊರೆಯಿತು. ಎಷ್ಟು ಹೊತ್ತು ಹಾಗಿತ್ತೋ ಅವಳಿಗೆ ತಿಳಿಯಲಿಲ್ಲ. ಅಫ್ಶಾನ್ ಕೈ ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸಿದ್ದಳು. ಹೊಡೆದಿದ್ದರೆ ಸಹಿಸಬಹುದಿತ್ತು ಎಂದು ಆಗ ನಯನಾಳಿಗೆ ಅನಿಸಿತು. ಅವಳು ಸಿಮೆಂಟಿನ ಮೇಲೆ ಕುಸಿದು ಕೂತು, ಸಾವಿನ ಮನೆಯಲ್ಲಿಯೂ ಅಳದಿದ್ದವಳು, ದನಿ ತೆಗೆದು ಅತ್ತಳು. ಕೆಂಚಯ್ಯ ಬಂದು ಎಬ್ಬಿಸುವ ಹೊತ್ತಿಗೆ ಬಿಸಿಲು ಬಂದು ಕಣದ ಇಬ್ಬನಿ ಆರುತ್ತಿತ್ತು.

ಆಮೇಲೆ ಅವಳ ಕೈಗೆ ಆ ಕೈ ಸಿಗಲಿಲ್ಲ. ಕೆಂಚಯ್ಯನಿಗೂ ಸದ್ದು ಕೇಳಿಸಲಿಲ್ಲವಂತೆ. ನಯನಾ ನಜೀರ್ ಮಾಸ್ಟರ್ ಮನೆಗೆ ಹೋಗಿ ನಡೆದದ್ದನ್ನು ಹೇಳಿದಳು. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು, ಇವತ್ತು ಹೋಗು ಎಂದರು. ಅವರು ಮತ್ತೆ ಅವಳ ಜೊತೆ ಮಾತಾಡಿದ್ದು ಒಂದು ತಿಂಗಳ ಮೇಲೆ. ಸಕಲೇಶಪುರದ ತರಗತಿ ಶುರುವಾಗಲಿಲ್ಲ. ಗುರುಶಾಂತಮ್ಮನ ಎಲುಬು ಕೂಡಿತು, ಆದರೆ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಲು ಆಗುತ್ತಿರಲಿಲ್ಲ. ಅವರ ತಲೆ ಬಾಚುವ ಕೆಲಸ ನಯನಾಳದಾಯಿತು. ಜಾರಿಬಿದ್ದ ಕಥೆಯನ್ನು ಅವರು ಯಾರ ಮುಂದೆಯೂ ಬದಲಾಯಿಸಲಿಲ್ಲ. ನಟರಾಜ್‌ಗೆ ನಿಜ ಹೇಳಿದವಳು ನಯನಾಳೇ.

ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬಿಳಿ ಹೂ ಬಿಟ್ಟ ವಾರ, ಮಧ್ಯಾಹ್ನದ ಬಿಡುವಿನಲ್ಲಿ ಆಮಿನಾ ಶಾಲೆಯ ಮೈದಾನಕ್ಕೆ ಬಂದರು. ಕಪ್ಪು ಬುರ್ಖಾ, ಕೈಯಲ್ಲಿ ಒಂದು ಛತ್ರಿ. ಬಸ್ಸು ಕೇಳಿಕೊಂಡು, ಬದಲಾಯಿಸಿಕೊಂಡು ಬಂದೆ ಎಂದರು. ನಯನಾ ಕುರ್ಚಿ ತರಿಸುತ್ತೇನೆ ಎಂದರೆ ಬೇಡ ಎಂದರು. ಇಬ್ಬರೂ ಮರದ ನೆರಳಿನಲ್ಲಿ ನಿಂತರು.

"ಎಂಟು ವರ್ಷ ಕತ್ತಲಲ್ಲೇ ಎದ್ದು ಹೋಗ್ತಿದ್ಲು," ಎಂದರು ಆಮಿನಾ. "ನಾನು ಬೈತಿದ್ದೆ. ಏನ್ ಮಾಡ್ತೀಯ ಅಲ್ಲಿ ಅಂತ ಒಂದ್ ದಿನಾನೂ ಕೇಳ್ಲಿಲ್ಲ. ಈಗ ತೋರ್ಸು ನಂಗೆ."

ನಯನಾ ಹಿಂಜರಿದಳು. ಆಮಿನಾ ಛತ್ರಿಯನ್ನು ಮರಕ್ಕೆ ಒರಗಿಸಿ, ತೋಳು ಮೇಲೆ ಸರಿಸಿಕೊಂಡು, ಎರಡೂ ಕೈ ಮುಂದೆ ಚಾಚಿ ನಿಂತುಬಿಟ್ಟಿದ್ದರು. ಮಗಳಿಗೆ ಹೊಲಿಗೆ ಕಲಿಸಿದ ಕೈಗಳು, ಬೆರಳ ತುದಿಯಲ್ಲಿ ಸೂಜಿಯ ಗುರುತು. ನಯನಾ ಆ ಮಣಿಕಟ್ಟುಗಳನ್ನು ಹಿಡಿದು, ಎಳೆ ಮಗುವಿಗೆ ನಡೆಯಲು ಕಲಿಸುವಷ್ಟು ನಿಧಾನವಾಗಿ, ಯಾವ ಕೈ ಎಲ್ಲಿಂದ ಹೊರಡುತ್ತದೆ, ಯಾವುದು ಎಲ್ಲಿ ಬಂದು ಸೇರುತ್ತದೆ ಎಂದು ಒಂದೊಂದಾಗಿ ತೋರಿಸಿದಳು. ಆಮಿನಾ ತುಟಿ ಬಿಗಿಹಿಡಿದು, ಲೆಕ್ಕ ತಪ್ಪದ ಹಾಗೆ ನೋಡುತ್ತಿದ್ದರು. ದೂರದಲ್ಲಿ ಮಕ್ಕಳು ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ಇದೇನೆಂದು ನೋಡುತ್ತಿದ್ದವು. ಮುಗಿದಾಗ ನಯನಾ ಕೈ ಬಿಡಲು ಹೋದಳು.

"ಬಿಡ್ಬೇಡ," ಎಂದರು ಆಮಿನಾ. "ಇನ್ನೊಂದ್ ಸಲ ಮಾಡು. ಎರಡನೇದು ನಂಗೆ ಸರಿಯಾಗಿ ತಿಳೀಲಿಲ್ಲ."